ತಲೆಯ ಮೇಲೆ ಪುಸ್ತಕದ ಗಂಟು ಹೊತ್ತ ಗಳಗನಾಥ ಮಾಸ್ತರರು

ಗುತ್ತಲ: ಗಳಗನಾಥ ಅಂದರೆ ನಮ್ಮ ಕಡೆಯ ಜನಕ್ಕೆ ಮೊದಲು ಕಣ್ಣಿಗೆ ಬರುವುದು ಹೊಳಿ ಮತ್ತು ಗುಡಿ. ವರದಾ ಬಂದು ತುಂಗಭದ್ರೆಯನ್ನು ಕೂಡುವ ಜಾಗ. ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ. ಅದೇ ಹೆಸರಿನ ಮನುಷ್ಯರೊಬ್ಬರು ಇದ್ದರು, ಅವರ ಪುಸ್ತಕ ಓದಲಿಕ್ಕೆ ಅಂತಲೇ ಜನ ಕನ್ನಡ ಓದುವ ರೂಢಿ ಮಾಡಿಕೊಂಡರು ಎಂದು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿ ನೋಡ್ರಿ. "ಹೌದೇನ್ರಿ?" ಎಂದು ಒಮ್ಮೆ ಮುಖ ನೋಡಿ, ಮತ್ತೆ ಮೊಬೈಲಿಗೆ ಕಣ್ಣು ಹಚ್ಚುತ್ತಾರೆ.

ಸಾಹಿತಿಗಳ ಹೆಸರು ಹೇಳು ಅಂದರೆ ನಮ್ಮ ಜಿಲ್ಲೆಯವರು ಕನಕದಾಸರು, ಸರ್ವಜ್ಞ, ಶರೀಫರು, ಗೋಕಾಕರು ಎಂದು ಗಡಗಡ ಹೇಳುತ್ತಾರೆ. ಐದನೆಯ ಹೆಸರಿಗೆ ಬಂದಾಗ ತುಸು ತಡವರಿಸುತ್ತಾರೆ. ಆ ಐದನೆಯ ಹೆಸರಿನವರ ಕಥೆ ಇದು. ಇದು ಬರೇ ಸಾಹಿತ್ಯದ ಕಥೆ ಅಲ್ಲ, ವ್ಯಾಪಾರದ ಕಥೆಯೂ ಹೌದು. ಆದ್ದರಿಂದ ಅಂಗಡಿಯಲ್ಲಿ ಕೂತವರು ತಕ್ಕಡಿ ಬದಿಗಿಟ್ಟು ಓದಬಹುದು.

ಅವರ ಪೂರ್ಣ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು ಹಾವೇರಿಯಲ್ಲಿ, ೧೮೬೯ರ ಜನವರಿ ೫ರಂದು. ಮನೆತನದ ಊರು ಗಳಗನಾಥ. ಆ ಊರಿನ ದೇವರ ಹೆಸರನ್ನೇ ಪುಸ್ತಕದ ಮೇಲೆ ಹಾಕಿಕೊಂಡರು. ಅದು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಕುಲಕರ್ಣಿ ಎಂಬ ಹೆಸರು ಹಿಂದೆ ಸರಿದು ಗಳಗನಾಥರು ಎಂಬುದೇ ಉಳಿಯಿತು. ತೀರಿಕೊಂಡದ್ದು ೧೯೪೨ರ ಏಪ್ರಿಲ್ ೨೨ರಂದು. ನಡುವಿನ ೭೩ ವರ್ಷದಲ್ಲಿ ಸುಮಾರು ಎರಡು ಡಜನ್ ಕಾದಂಬರಿ ಬರೆದರು. ಅದರ ಜೊತೆಗೆ ಪುರಾಣದ ಕಥೆ, ಚರಿತ್ರೆ, ನಿಬಂಧ, ಎರಡು ಮಾಸಪತ್ರಿಕೆಗಳ ಹೊರೆ. ಎಲ್ಲ ಕೂಡಿಸಿದರೆ ಪುಸ್ತಕಗಳು ನಲವತ್ತರ ಆಸುಪಾಸಿಗೆ ಹೋಗುತ್ತವೆ. ಕನ್ನಡ ಕಾದಂಬರಿಯ ಪಿತಾಮಹ ಎಂದು ಜನ ಕರೆದರು.

ಎಂಥೆಂಥ ಪುಸ್ತಕ ಅಂತೀರಿ? ಒಳ್ಳೆ ಕಿರಾಣಿ ಅಂಗಡಿಯಲ್ಲಿ ಉಪ್ಪಿನಿಂದ ಕರ್ಪೂರದ ತನಕ ಇರುತ್ತದಲ್ಲ, ಹಾಗೆ. ಯುದ್ಧ, ಕುದುರೆ, ಕೋಟೆ ಬೇಕೆನ್ನುವವರಿಗೆ 'ರಾಣಾ ರಾಜಸಿಂಹ', 'ಛತ್ರಪತಿ'. ದೇವರ ಕಥೆ ಬೇಕೆನ್ನುವವರಿಗೆ 'ಗಿರಿಜಾ ಕಲ್ಯಾಣ', 'ಶೈವ ಸುಧಾರ್ಣವ'. ಮನೆಯಲ್ಲಿ ಅತ್ತೆ ಸೊಸೆಗೆ ಸರಿ ಬರುವುದಿಲ್ಲವೋ, ಅದಕ್ಕೆ 'ಗೃಹಕಲಹ'. ಹೊಸದಾಗಿ ಮದುವೆಯಾದವರಿಗೆ 'ದಾಂಪತ್ಯ'. ಶಾಲೆಯ ಹುಡುಗರಿಗೆ ನಿಬಂಧ ಬರೆಯುವುದು ಹೇಗೆ ಎಂದು ಕಲಿಸಲಿಕ್ಕೆ 'ನಿಬಂಧ ಶಿಕ್ಷಣ'. ಗಿರಾಕಿ ಬಾಗಿಲಿಗೆ ಬಂದು ಬರಿಗೈಲಿ ಹೋಗಬಾರದು ಎಂಬ ಹಟ ಇದ್ದವರು ಮಾತ್ರ ಇಷ್ಟು ತರಹದ ಮಾಲು ಇಡುತ್ತಾರೆ.

ಗಿರಾಕಿಯೇ ಇಲ್ಲದ ಪೇಟೆ

ಇವತ್ತು ಹಾವೇರಿಯಲ್ಲಿ ನಿಂತು ಆ ಕಾಲ ಊಹಿಸುವುದು ಕಷ್ಟ. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿ, ದಫ್ತರ, ದೊಡ್ಡ ಮನೆತನಗಳ ಪತ್ರವ್ಯವಹಾರ ಎಲ್ಲದರಲ್ಲೂ ಮರಾಠಿಯ ಜೋರು. ಓದು ಬಲ್ಲವರು ಪುಣೆಯಿಂದ ಬರುವ ಪತ್ರಿಕೆ ಓದುತ್ತಿದ್ದರು, ಮರಾಠಿ ಪುಸ್ತಕ ಓದುತ್ತಿದ್ದರು. ಮನೆಯಲ್ಲಿ ಕನ್ನಡ ಆಡಿ ಮರಾಠಿಯಲ್ಲಿ ಸಹಿ ಮಾಡುವವರು ಬೇಕಾದಷ್ಟಿದ್ದರು. ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಇದೇ ಬೇನೆಗೆ ಮದ್ದು ಹುಡುಕಲಿಕ್ಕೆ.

ಆ ಕಾಲದಲ್ಲಿ ಕನ್ನಡ ಪುಸ್ತಕ ಮಾರುತ್ತೇನೆ ಎಂದು ಹೊರಟವನ ಎದುರು ಎರಡು ತರದ ಜನ. ಓದಲಿಕ್ಕೆ ಬಲ್ಲವರು "ನಮಗೆ ಮರಾಠಿ ಬರತೈತಿ, ಇದ್ಯಾಕ ಬೇಕು" ಅನ್ನುವವರು. ಉಳಿದವರಿಗೆ ಓದಲಿಕ್ಕೇ ಬಾರದು. ಇದರ ಮೇಲೆ ಇನ್ನೊಂದು ಕಷ್ಟ: ಕಾದಂಬರಿ ಎಂದರೆ ಮನೆ ಮುರಿಯುವ ಸಾಮಾನು, ಹುಡುಗಿಯರ ಕೈಗೆ ಕೊಡಬಾರದು ಎಂಬ ಹಿರಿಯರು. ಕಾದಂಬರಿ ಎಂಬ ಹೆಸರು ಕೂಡ ನಮಗೆ ಬಂದದ್ದು ಮರಾಠಿಯವರ ಬಳಕೆಯಿಂದ. ಬಾಣಕವಿಯ ಕಥಾನಾಯಕಿಯ ಹೆಸರನ್ನು ಅವರು ಒಂದು ಜಾತಿಯ ಪುಸ್ತಕಕ್ಕೇ ಇಟ್ಟರು, ನಾವು ತೆಗೆದುಕೊಂಡೆವು.

ಗಳಗನಾಥರು ವೃತ್ತಿಯಿಂದ ಶಾಲೆಯ ಮಾಸ್ತರರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಬಂದವರು. ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ' ೧೮೯೮ರಲ್ಲಿ ಬಂತು, ವಿದ್ಯಾವರ್ಧಕ ಸಂಘದ ಬಹುಮಾನ ಪಡೆಯಿತು. ಬಹುಮಾನ ಬಂದರೆ ಏನಾಯಿತು? ಬಹುಮಾನದ ಪುಸ್ತಕ ಕಪಾಟಿನಲ್ಲಿ ಕೂರುತ್ತದೆ, ಅದನ್ನು ಊರ ಮಂದಿಗೆ ಮುಟ್ಟಿಸುವವರು ಬೇಕು. ಆ ಕೆಲಸಕ್ಕೆ ಬೇರೆ ಯಾರೂ ಇರಲಿಲ್ಲ. ಕೊನೆಗೆ ಮಾಸ್ತರಿಕೆ ಬಿಟ್ಟರು. ತಿಂಗಳಿಗೆ ಸರಿಯಾಗಿ ಬರುವ ಸರಕಾರದ ಪಗಾರ ಬಿಟ್ಟು ಪುಸ್ತಕದ ಮೇಲೆ ಸಂಸಾರ ಹಾಕಿದರು. ನೌಕರಿಗಾಗಿ ಅರ್ಜಿ ಹಿಡಿದು ಅಲೆಯುವ ಹುಡುಗರನ್ನು ಬಸ್ ಸ್ಟ್ಯಾಂಡಿನಲ್ಲಿ ದಿನಾ ನೋಡುವ ನಮಗೆ ಇದು ಹುಚ್ಚು ಅನ್ನಿಸಿದರೆ ತಪ್ಪಲ್ಲ. ಆಗಲೂ ಹಾಗೆ ಅಂದವರು ಇದ್ದೇ ಇದ್ದಾರು.

ಅಗಡಿಯ ತಿಂಗಳ ಬೆಳಕು

ಹಾವೇರಿಯ ಹತ್ತಿರದ ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆನಂದವನ. ಅಲ್ಲಿಂದ ೧೯೦೭ರಲ್ಲಿ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಟಿತು, ಗಳಗನಾಥರು ಅದರ ಜೀವಾಳ. ಹೆಸರು ನೋಡಿದರೆ ಮಠದ ಪತ್ರಿಕೆ, ಒಳಗೆ ನೀತಿ, ಭಕ್ತಿ, ಸದಾಚಾರ. ಅದರ ಜೊತೆಗೇ ಕಾದಂಬರಿಯೂ ಕಂತು ಕಂತಾಗಿ ಬರುತ್ತಿತ್ತು. ಇದು ಹುಷಾರಿಯ ಕೆಲಸ. ಗುರುಗಳ ಆಶ್ರಮದಿಂದ ಬಂದ ಪತ್ರಿಕೆಯನ್ನು ಯಾವ ಮನೆಯ ಯಜಮಾನ ಬೇಡ ಅಂದಾನು? ಅಜ್ಜ ನೀತಿ ಓದುತ್ತಾನೆ, ಒಳಗೆ ಹೆಂಗಸರು ರಾಜಕುಮಾರಿಗೆ ಮುಂದೇನಾಯಿತು ಎಂದು ಹುಡುಕುತ್ತಾರೆ. ಮುಂದಿನ ತಿಂಗಳ ಸಂಚಿಕೆಗೆ ಎಲ್ಲರೂ ಕಾಯುತ್ತಾರೆ. ಇವತ್ತಿನ ಟೀವಿ ಧಾರಾವಾಹಿ ನಡೆಯುವುದೂ ಇದೇ ದಾರದ ಮೇಲೆ.

ಚಂದಾ ಎಂಬ ಪದ್ಧತಿಯ ಮರ್ಮ ಅಂಗಡಿಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೊಕ್ಕ ಮೊದಲು, ಮಾಲು ಆಮೇಲೆ. ಬಂಡವಾಳವಿಲ್ಲದವನಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಇದೇ ದಾರಿಯನ್ನು ಮುಂದೆ ೧೯೩೩ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಗೆ ಹಿಡಿದರು. ಚಂದಾದಾರರನ್ನು ಕೂಡಿಸಿ ವರ್ಷಕ್ಕಿಷ್ಟು ಪುಸ್ತಕ ಎಂದು ಕೊಟ್ಟರು. ಅದಕ್ಕೂ ಕಾಲು ಶತಮಾನ ಮೊದಲು ಅಗಡಿಯಂಥ ಹಳ್ಳಿಯಿಂದ, ಅಂಚೆಯನ್ನು ನಂಬಿ, ಊರೂರಿನ ಓದುಗನನ್ನು ಹಿಡಿದದ್ದು ದೊಡ್ಡ ಮಾತು. ನಂತರ ಗಳಗನಾಥರು 'ಸದ್ಗುರು' ಎಂಬ ಇನ್ನೊಂದು ಮಾಸಪತ್ರಿಕೆಯನ್ನೂ ನಡೆಸಿದರು.

ಆದರೂ ಅಂಚೆ ಮುಟ್ಟದ ಊರು, ಚಂದಾ ಕೊಡಲಾರದ ಮನೆ ಬಹಳ. ಅದಕ್ಕೆ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಸಾಹಿತ್ಯ ಬಲ್ಲವರೆಲ್ಲ ಗಳಗನಾಥರ ಬಗ್ಗೆ ಮೊದಲು ಹೇಳುವ ಮಾತೇ ಇದು. ಹೇಳುವಾಗ ಅದನ್ನೊಂದು ತ್ಯಾಗದ ಚಿತ್ರ ಮಾಡಿ ಹಾರ ಹಾಕಿ ಗೋಡೆಗೆ ತೂಗಿಹಾಕುತ್ತಾರೆ. ತ್ಯಾಗ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಒಮ್ಮೆ ಬಳೆಗಾರನ ಕಣ್ಣಿನಿಂದ ನೋಡ್ರಿ. ಬಾಗಿಲಿಗೆ ಹೋಗಿ ಗಂಟು ಬಿಚ್ಚಿದವನಿಗೆ ಯಾವ ಪುಸ್ತಕಕ್ಕೆ ಕೈ ಚಾಚುತ್ತಾರೆ, ಯಾವುದನ್ನು ಮುಟ್ಟಿ ಕೆಳಗಿಡುತ್ತಾರೆ, ಒಳಗಿನಿಂದ ಯಾರು ಇಣುಕುತ್ತಾರೆ ಎಲ್ಲ ತಿಳಿಯುತ್ತದೆ. ಅತ್ತೆ ಸೊಸೆಯ ಪುಸ್ತಕವನ್ನೂ ಶಿವಕಥೆಯನ್ನೂ ಶಿವಾಜಿಯ ಕಥೆಯನ್ನೂ ಒಬ್ಬನೇ ಮನುಷ್ಯ ಯಾಕೆ ಬರೆದ ಎಂಬ ಪ್ರಶ್ನೆಗೆ ಉತ್ತರ ಆ ಗಂಟಿನಲ್ಲಿಯೇ ಇರಬೇಕು ಎಂದು ನಮ್ಮ ಅಂದಾಜು. ಕೋಣೆಯಲ್ಲಿ ಕೂತು ಬರೆಯುವವನಿಗೆ ಗಿರಾಕಿಯ ಮುಖ ಕಾಣುವುದಿಲ್ಲ. ಇವರಿಗೆ ದಿನಾ ಕಾಣುತ್ತಿತ್ತು.

ಮರಾಠಿ ಮಾಲು, ಕನ್ನಡದ ಚೀಟಿ

ಇನ್ನು ಆಕ್ಷೇಪಣೆಯ ಮಾತು. "ಅವರದು ಸ್ವಂತದ್ದು ಎಷ್ಟರೀ? ಹೆಚ್ಚಿನದೆಲ್ಲ ಮರಾಠಿಯಿಂದ ಎತ್ತಿದ್ದು" ಎನ್ನುವ ಪಂಡಿತರು ಇದ್ದಾರೆ. ಅರ್ಧ ನಿಜ. ಪುಣೆಯ ಹರಿ ನಾರಾಯಣ ಆಪಟೆಯವರು (೧೮೬೪-೧೯೧೯) ಮರಾಠಿಯ ಬಹಳ ದೊಡ್ಡ ಕಾದಂಬರಿಕಾರರು. ಸಿಂಹಗಡದ ತಾನಾಜಿಯ ಮೇಲೆ ಅವರು ಬರೆದ ಕಾದಂಬರಿಯೇ ಕನ್ನಡದಲ್ಲಿ ಗಳಗನಾಥರ 'ಕಮಲಕುಮಾರಿ'. ಹೆಸರು ಬದಲಾದದ್ದು ನೋಡ್ರಿ. ಮರಾಠಿಯವರಿಗೆ ಕೋಟೆ ಮುಖ್ಯ, ಸಿಂಹದಂಥ ಸರದಾರ ಮುಖ್ಯ. ನಮ್ಮ ಮಾಸ್ತರರು ಕಥೆಯಲ್ಲಿ ಕಷ್ಟಕ್ಕೆ ಸಿಕ್ಕ ರಜಪೂತ ಹೆಣ್ಣಿನ ಹೆಸರನ್ನು ರಟ್ಟಿನ ಮೇಲೆ ತಂದರು. ಒಳಗಿನಿಂದ ಇಣುಕುವವರು ಯಾರು ಎಂಬುದು ಅವರಿಗೆ ಗೊತ್ತಿತ್ತು.

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದರಲ್ಲಿ. ೧೫೬೫ರ ತಾಳಿಕೋಟೆಯ ಯುದ್ಧ, ವಿಜಯನಗರದ ಪತನ ಇದನ್ನಿಟ್ಟುಕೊಂಡು ಆಪಟೆಯವರು 'ವಜ್ರಾಘಾತ' ಬರೆದರು. ರಾಮರಾಜ, ಅವನು ಪ್ರೀತಿಸಿದ ಮೆಹರಜಾನ, ಅವರಿಬ್ಬರ ಮಗ ರಣಮಸ್ತಖಾನ. ತಂದೆಗೆ ಎದುರಾಗಿ ನಿಲ್ಲುವ ಮಗ, ಆ ಮಗನಿಗೆ ತಂದೆ ಯಾರೆಂದೇ ಗೊತ್ತಿಲ್ಲ. ಸಿನಿಮಾದವರು ಆಮೇಲೆ ಎಷ್ಟು ಸಲ ತಿರುವಿ ತಿರುವಿ ತೋರಿಸಿದ ಕಥೆ ಇದು! ಮರಾಠಿ ಓದುಗನಿಗೆ ಅದು ಪಕ್ಕದ ದೇಶದ ದುರಂತ, ಆಕಾಶದಿಂದ ಬಿದ್ದ ಸಿಡಿಲು. ಗಳಗನಾಥರು ಅದನ್ನು ಕನ್ನಡಕ್ಕೆ ತಂದಾಗ ಇಟ್ಟ ಹೆಸರು 'ಕನ್ನಡಿಗರ ಕರ್ಮಕಥೆ'. ಸಿಡಿಲಿಗೆ ಯಾರೂ ಹೊಣೆ ಅಲ್ಲ. ಕರ್ಮಕ್ಕೆ ಮಾಡಿದವನೇ ಹೊಣೆ. ಎರಡು ಶಬ್ದದಲ್ಲಿ ಕಥೆಯನ್ನು ನಮ್ಮ ಅಂಗಳಕ್ಕೆ ತಂದು ಇಟ್ಟು, ಇದು ನಿಮ್ಮದೇ ಮನೆಯ ಸುದ್ದಿ, ನೀವೇ ಮಾಡಿಕೊಂಡದ್ದು ಎಂದು ಹೇಳಿದ ಹಾಗಾಯಿತು.

ಅದೂ ಯಾವಾಗ? ಕನ್ನಡಿಗ ಎಂದು ಹೇಳಿಕೊಳ್ಳುವ ಒಂದು ರಾಜ್ಯವೇ ಇಲ್ಲದಾಗ. ನಮ್ಮವರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿ ಹೋಗಿದ್ದರು. ಆಲೂರ ವೆಂಕಟರಾಯರು ಹಂಪಿಯ ಹಾಳು ನೋಡಿ ಮನಸ್ಸು ಕಲಕಿ, ಮುಂದೆ ೧೯೧೭ರಲ್ಲಿ 'ಕರ್ನಾಟಕ ಗತವೈಭವ' ಹೊರತಂದರು. ಅದು ಚರಿತ್ರೆಯ ಪುಸ್ತಕ, ತಿಳಿದವರು ಓದಿದರು. ಅದೇ ವಿಜಯನಗರವನ್ನು ಕಥೆ ಮಾಡಿ, ಚರಿತ್ರೆ ಓದದವರ ಮನೆಗೆ ಹೊತ್ತು ತಂದವರು ಗಳಗನಾಥರು. ಪತನದ ಕಥೆ ಹೇಳಿ ಸುಮ್ಮನಾಗಲಿಲ್ಲ. ೧೯೨೩ರಲ್ಲಿ ವಿದ್ಯಾರಣ್ಯರನ್ನೂ ಆ ಸಾಮ್ರಾಜ್ಯ ಹುಟ್ಟಿದ ಬಗೆಯನ್ನೂ ಹಿಡಿದು 'ಮಾಧವ ಕರುಣಾವಿಲಾಸ' ಬರೆದರು. ಇದು ಯಾರಿಂದಲೂ ತಂದದ್ದಲ್ಲ, ಅವರದೇ. ಬಲ್ಲವರು ಇದನ್ನೇ ಅವರ ಶ್ರೇಷ್ಠ ಕೃತಿ ಎನ್ನುತ್ತಾರೆ. ಗಳಗೇಶ್ವರನ ಗುಡಿಯ ಮುಂದೆ ಹರಿದ ನೀರೇ ಕೆಳಗೆ ಹಂಪಿಯ ವಿರೂಪಾಕ್ಷನ ಪಾದ ಮುಟ್ಟುತ್ತದೆ. ಹೊಳೆಯ ಮೇಲ್ಗಡೆಯ ಮನುಷ್ಯ ಕೆಳಗಿನ ಊರಿನ ಏಳುಬೀಳು ಎರಡನ್ನೂ ಬರೆದ.

ಅನುವಾದದ ಆಕ್ಷೇಪಣೆಗೆ ಇನ್ನೊಂದು ಉತ್ತರ ಮೈಸೂರು ಸೀಮೆಯಲ್ಲಿದೆ. ಅಲ್ಲಿ ಬಿ. ವೆಂಕಟಾಚಾರ್ಯರು (೧೮೪೫-೧೯೧೪) ಬಂಗಾಲಿಯ ಬಂಕಿಮಚಂದ್ರರನ್ನು ತಂದರು, ಅದೇ ರೀತಿ ಜನರನ್ನು ಓದಿಗೆ ಹಚ್ಚಿದರು. ಅವರ 'ದುರ್ಗೇಶನಂದಿನಿ' ೧೮೮೫ರದು. ಬೀಜ ಎಲ್ಲಿಂದ ತಂದೆ ಎಂದು ರಾಣೇಬೆನ್ನೂರಿನ ಬೀಜದ ವ್ಯಾಪಾರಿಯನ್ನು ಯಾರೂ ಕೇಳುವುದಿಲ್ಲ, ಬೆಳೆ ಬಂತೋ ಇಲ್ಲವೋ ಎಂದು ಕೇಳುತ್ತಾರೆ.

ಹಾಗಂತ ಎಲ್ಲವೂ ಜೇನುತುಪ್ಪ ಅಲ್ಲ. ಇವತ್ತು ಓದಲಿಕ್ಕೆ ಕೂತರೆ ವಾಕ್ಯಗಳು ಉದ್ದ, ಸಂಸ್ಕೃತದ ಭಾರ ಬಹಳ. ಕಥೆ ಕಾವೇರಿದಾಗ ಲೇಖಕರು ನಡುವೆ ನುಗ್ಗಿ ವಾಚಕರಿಗೆ ಉಪದೇಶ ಹೇಳಲು ಶುರು ಮಾಡುತ್ತಾರೆ. ಮಾಸ್ತರಿಕೆ ಬಿಟ್ಟರೂ ಮಾಸ್ತರರ ಗುಣ ಬಿಡಲಿಲ್ಲ. ಹೆಂಗಸರು ಬಹುತೇಕ ಪತಿವ್ರತೆಯರು, ಇಲ್ಲದಿದ್ದರೆ ಕೇಡಿನವರು. ಮುಸಲ್ಮಾನ ಪಾತ್ರಗಳನ್ನು ಆ ಕಾಲದ ಕಣ್ಣಿನಿಂದ ನೋಡಿದ್ದು ಇಂದಿನವರಿಗೆ ಚುಚ್ಚುತ್ತದೆ, ಚುಚ್ಚಬೇಕು ಕೂಡ. ಶರೀಫರ ಜಿಲ್ಲೆಯವರು ನಾವು, ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

ಬಸ್ ಸ್ಟ್ಯಾಂಡಿನ ವಾರಸುದಾರ

ವಯಸ್ಸಾದ ಪ್ರಯಾಣಿಕರಿಗೆ ನೆನಪಿರಬೇಕು. ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ದಾರಕ್ಕೆ ತೂಗುಹಾಕಿದ ಪತ್ತೇದಾರಿ ಕಾದಂಬರಿಗಳು, ರಟ್ಟಿನ ಮೇಲೆ ಪಿಸ್ತೂಲು, ಹ್ಯಾಟು, ಓಡುವ ಹೆಣ್ಣು. ಅವುಗಳ ರಾಜ ಎನ್. ನರಸಿಂಹಯ್ಯನವರು. ಚಿಕ್ಕಮಗಳೂರಿನ ಕಡೆಯವರು, ಹುಟ್ಟಿದ್ದು ೧೯೨೫ರಲ್ಲಿ, ಶಾಲೆ ಕಲಿತದ್ದು ನಾಲ್ಕನೇ ಇಯತ್ತೆಯ ತನಕ. ೧೯೫೨ರಲ್ಲಿ 'ಪತ್ತೇದಾರ ಪುರುಷೋತ್ತಮ' ಬರೆದು ಶುರು ಮಾಡಿದವರು ಐದು ನೂರರ ಮೇಲೆ ಪುಸ್ತಕ ಬರೆದರು. ಹೆಚ್ಚಿನವು ಪತ್ತೇದಾರಿ, ನಡುವೆ ಸಾಮಾಜಿಕವೂ ಉಂಟು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಹೆಸರು ಕೇಳಿದರೆ ಇವತ್ತಿಗೂ ಕೆಲವರ ಮುಖ ಅರಳುತ್ತದೆ. ೨೦೧೧ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅವರ ಬರಹಕ್ಕೂ ಗಳಗನಾಥರ ಬರಹಕ್ಕೂ ಹೋಲಿಕೆ ಇಲ್ಲ. ಒಬ್ಬರದು ನೀತಿ, ಇನ್ನೊಬ್ಬರದು ಕೊಲೆಯ ಸುಳಿವು. ಆದರೆ ಇಬ್ಬರ ಓದುಗನೂ ಒಬ್ಬನೇ: ಪುಸ್ತಕ ಓದುವುದು ತನ್ನ ಕೆಲಸ ಅಲ್ಲ ಎಂದುಕೊಂಡಿದ್ದವನು. ವ್ಯತ್ಯಾಸ ಪೇಟೆಯದು. ನರಸಿಂಹಯ್ಯನವರ ಕಾಲಕ್ಕೆ ಪ್ರಕಾಶಕ ಇದ್ದ, ಏಜೆಂಟ ಇದ್ದ, ದಿನಕ್ಕಿಷ್ಟು ಪೈಸೆ ಎಂದು ಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿ ಓಣಿಗೊಂದು ಇತ್ತು, ಎಲ್ಲಕ್ಕಿಂತ ಮೊದಲು ಬಸ್ಸು ಇತ್ತು, ಬಸ್ಸಿಗಾಗಿ ಕಾಯುವ ಮಂದಿ ಇದ್ದರು. ಗಳಗನಾಥರ ಕಾಲಕ್ಕೆ ಬರೆಯುವವನೂ ಅವರೇ, ಅಚ್ಚಿಗೆ ಅಲೆಯುವವನೂ ಅವರೇ, ಹಮಾಲನೂ ಅವರೇ.

ಲೆಕ್ಕ ಹಾಕಿ ನೋಡ್ರಿ. ಕಾಗದದ ರೊಕ್ಕ ಮೊದಲೇ ಕೊಡಬೇಕು. ಮೊಳೆ ಜೋಡಿಸುವವನ ಕೂಲಿ, ಹೊಲಿಗೆ, ರಟ್ಟು. ಮಾರದೆ ಉಳಿದ ಪ್ರತಿಗೆ ಗೆದ್ದಲಿನ ಭಯ. ಮಾರಿದ್ದರಲ್ಲಿಯೂ ಉದ್ರಿ ಎಷ್ಟೋ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಂಡವನು ವಾರದ ಮೇಲೆ ರೊಕ್ಕ ಕೊಡದಿದ್ದರೆ ಗದ್ದಲ ಆಗುತ್ತದೆ, ಪುಸ್ತಕ ಕೊಂಡು "ಮುಂದಿನ ಸಲ ಬಂದಾಗ ಕೊಡತೀನ್ರಿ ಮಾಸ್ತರ" ಅಂದವನ ಜೊತೆ ಜಗಳ ಆಡಲಿಕ್ಕೆ ಆಗುವುದಿಲ್ಲ. ನಲವತ್ತು ವರ್ಷಕ್ಕೂ ಮೇಲೆ ಬರೆದ ಗಳಗನಾಥರು ಬರವಣಿಗೆಯಿಂದ ಶ್ರೀಮಂತರಾಗಲಿಲ್ಲ, ಕಷ್ಟದಲ್ಲೇ ಬಾಳು ಸಾಗಿಸಿದರು. ಅವರು ಸಿದ್ಧ ಮಾಡಿಟ್ಟ ಪೇಟೆಯಲ್ಲಿ ಮುಂದಿನವರು ಅಂಗಡಿ ಹಾಕಿದರು. ಕರ್ನಾಟಕ ಒಂದಾದದ್ದು ೧೯೫೬ರಲ್ಲಿ, ಅವರು ಹೋಗಿ ೧೪ ವರ್ಷಕ್ಕೆ.

ಈಗ ಹಾವೇರಿಯಲ್ಲಿ ಏನು?

ಮರೆತೇಬಿಟ್ಟರು ಎಂದರೆ ಅನ್ಯಾಯವಾದೀತು. ಅವರ ಹೆಸರನ್ನು ಅಗಡಿಯ ಸಂಶೋಧಕ ನಾ. ಶ್ರೀ. ರಾಜಪುರೋಹಿತರ ಹೆಸರಿನ ಜೊತೆ ಸೇರಿಸಿ ಸರಕಾರ ಒಂದು ಪ್ರತಿಷ್ಠಾನ ಮಾಡಿತು. ೨೦೨೩ರ ಜನವರಿ ೬ರಿಂದ ೮ರ ತನಕ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ನೆರೆಯಿತು. ಏಲಕ್ಕಿ ಹಾರದ ಊರಿಗೆ ನಾಡಿನ ಸಾಹಿತಿಗಳೆಲ್ಲ ಬಂದು ಹೋದರು. ಹೆಸರಿಗೆ ಕೊರತೆ ಇಲ್ಲ. ಕೊರತೆ ಇರುವುದು ಪುಸ್ತಕಕ್ಕೆ. ನಿಮ್ಮ ಊರಿನ ಪುಸ್ತಕದ ಅಂಗಡಿಗೆ ಹೋಗಿ 'ಕನ್ನಡಿಗರ ಕರ್ಮಕಥೆ' ಐತೇನ್ರಿ ಎಂದು ಕೇಳಿ ಬರ್ರಿ.

ಒಂದು ಸಂಗತಿ ಮುದ್ರಣದವರು, ಅಂಗಡಿಕಾರರು ತಿಳಿದಿರಲಿ. ನಮ್ಮ ದೇಶದ ಕಾಯಿದೆಯಂತೆ ಲೇಖಕ ತೀರಿಕೊಂಡ ೬೦ ವರ್ಷದ ತನಕ ಅವನ ಪುಸ್ತಕದ ಮೇಲೆ ಹಕ್ಕು ಇರುತ್ತದೆ. ಗಳಗನಾಥರ ಲೆಕ್ಕದಲ್ಲಿ ಆ ಅವಧಿ ೨೦೦೨ರ ಕೊನೆಗೆ ಮುಗಿಯಿತು. ೨೦೦೩ರ ಜನವರಿ ೧ರಿಂದ ಅವರ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಯಾರ ಅಪ್ಪಣೆಯೂ ಬೇಡ, ಯಾರಿಗೂ ಗೌರವಧನ ಕೊಡಬೇಕಾಗಿಲ್ಲ. ಹಳೆಯ ಪ್ರತಿಗಳ ಚಿತ್ರ ತೆಗೆದು ಮೊಬೈಲಿನಲ್ಲಿ ಓದುವಂತೆಯೂ ಕೆಲವನ್ನು ಇಟ್ಟಿದ್ದಾರೆ.

ಓದಬೇಕು ಅನ್ನಿಸಿದವರು 'ಮಾಧವ ಕರುಣಾವಿಲಾಸ'ಕ್ಕೆ ಮೊದಲೇ ಕೈ ಹಾಕಬೇಡಿರಿ, ಅದು ದಪ್ಪ, ಅರ್ಧಕ್ಕೆ ಬಿಡುತ್ತೀರಿ. 'ಕಮಲಕುಮಾರಿ'ಯಿಂದ ಶುರು ಮಾಡಿರಿ. ಅದು ಮುಗಿದ ಮೇಲೆ 'ಕನ್ನಡಿಗರ ಕರ್ಮಕಥೆ'. ಉಪದೇಶದ ಭಾಗ ಬಂದಲ್ಲಿ ಎರಡು ಪುಟ ಹಾರಿದರೂ ನಡೆಯುತ್ತದೆ, ಕಥೆಯ ಎಳೆ ತಪ್ಪುವುದಿಲ್ಲ.